ಅರೇಬಿಕಾ ಕಾಫಿಗೆ ಬೋರರ್ (ಕಾಂಡ ಕೊರೆಯುವ ಹುಳ): ಹುಳ ಒಳಗೆ ಎಷ್ಟು ದಿನ ಇರುತ್ತದೆ, ಯಾವಾಗ ಏನು ಮಾಡಬೇಕು?

ಪ್ರಶ್ನೆ: ಅರೇಬಿಕಾ ಗಿಡಗಳಿಗೆ ಹತ್ತು ವರ್ಷ ದಾಟಿದೆ. ಅಲ್ಲೊಂದು ಇಲ್ಲೊಂದು ಗಿಡದ ಎಲೆ ಹಳದಿಯಾಗಿ ಜೋತು ಬೀಳುತ್ತಿದೆ. ನೋಡಿದವರು ಬೋರರ್ ಅನ್ನುತ್ತಾರೆ. ಆದರೆ ಕಾಂಡದಿಂದ ಪುಡಿ ಉದುರಿದ್ದು ಎಲ್ಲೂ ಕಾಣಲಿಲ್ಲ. ಔಷಧಿ ಹೊಡೆದರೆ ಸಾಯುತ್ತದಾ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಮೂಡಿಗೆರೆ ಕಡೆಯ ಬೆಳೆಗಾರರು: ಪುಡಿ ಹುಡುಕಬೇಡಿ ಸರ್, ಸಿಗುವುದಿಲ್ಲ. ಪುಡಿ ಹೊರಗೆ ತಳ್ಳುವುದು ಕೆಂಪು ಕೊರಕ, ಅದು ಪತಂಗದ ಹುಳ. ನೀವು ಹೇಳುವ ಬೋರರ್, ಅಂದರೆ ಬಿಳಿ ಕಾಂಡಕೊರಕ, ದುಂಬಿಯ ಮರಿ. ಅದು ಕೊರೆದ ಹಾದಿಯನ್ನು ತನ್ನ ಹಿಕ್ಕೆ ಮತ್ತು ಮರದ ಪುಡಿಯಿಂದಲೇ ಬಿಗಿಯಾಗಿ ತುಂಬುತ್ತ ಮುಂದೆ ಹೋಗುತ್ತದೆ. ಹಾಗಾಗಿ ಹೊರಗೆ ಏನೂ ಬೀಳುವುದಿಲ್ಲ. ಬುಡದಿಂದ ಮೇಲಕ್ಕೆ ಕಾಂಡದ ಮೇಲೆ ಹೆಬ್ಬೆರಳು ಒತ್ತಿ ಸವರಿ ನೋಡಿ. ತೊಗಟೆ ಅಂಕುಡೊಂಕಾಗಿ ಏಣು ಎದ್ದಿದ್ದರೆ ಅದರ ಕೆಳಗೆ ಹುಳ ತಿಂದಿದೆ ಎಂದೇ ಲೆಕ್ಕ. ಅನುಮಾನ ಇದ್ದರೆ ಏಣಿನ ಮೇಲಿನ ತೊಗಟೆಯನ್ನು ಚಾಕುವಿನಿಂದ ತೆಳ್ಳಗೆ ಎಬ್ಬಿಸಿ, ಒತ್ತಿ ತುಂಬಿದ ಪುಡಿಯ ಗೆರೆ ಕಾಣುತ್ತದೆ.

ಮಾವಿನ ಕಾಂಡಕೊರಕಕ್ಕೆ ತಂತಿ ಹಾಕಿ ಎಳೆಯುತ್ತಾರಲ್ಲ, ಆ ಉಪಾಯ ಇಲ್ಲಿ ನಡೆಯುವುದಿಲ್ಲ. ಹಾದಿಯೇ ಮುಚ್ಚಿರುವಾಗ ತಂತಿಯೂ ಹೋಗದು, ಪಿಚಕಾರಿಯಲ್ಲಿ ಬಿಟ್ಟ ಔಷಧಿಯೂ ಇಳಿಯದು.

ಕೀಟಶಾಸ್ತ್ರ ಓದಿದವರು: ಹುಳದ ವರ್ಷ ಹೇಗೆ ಸಾಗುತ್ತದೆ ಎಂದು ತಿಳಿದರೆ ಮಿಕ್ಕ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ. ಇದು ಉದ್ದ ಮೀಸೆಯ ದುಂಬಿಗಳ ಕುಟುಂಬದ್ದು (ಸೆರಾಂಬಿಸಿಡೆ), ಹೆಸರು ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್. ತಮಾಷೆ ಏನೆಂದರೆ ಇದರ ಮೀಸೆ ಮೈಯಷ್ಟೂ ಉದ್ದವಿಲ್ಲ. ಮಾವಿನ ದುಂಬಿಯ ಮೀಸೆ ನೋಡಿದವರು ಇದನ್ನು ಕೈಯಲ್ಲಿ ಹಿಡಿದರೂ ಗುರುತಿಸುವುದಿಲ್ಲ. ಒಂದರಿಂದ ಎರಡು ಸೆಂ.ಮೀ. ಉದ್ದ, ಕಪ್ಪು ಮೈ, ರೆಕ್ಕೆಯ ಮೇಲೆ ಬಿಳಿ ಪಟ್ಟೆಗಳು.

ದುಂಬಿ ಹೊರಬಂದು ಹಾರಾಡುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್–ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್. ಒಳ್ಳೆ ಬಿಸಿಲಿರುವ ಹೊತ್ತಿನಲ್ಲಿ ಹೆಣ್ಣು ಮುಖ್ಯ ಕಾಂಡದ, ದಪ್ಪ ಅಡ್ಡರೆಂಬೆಗಳ ತೊಗಟೆ ಬಿರುಕಿನಲ್ಲಿ ಮೊಟ್ಟೆ ತೂರಿಸುತ್ತದೆ. ಒಂದು ಹೆಣ್ಣು 50ರಿಂದ 100 ಮೊಟ್ಟೆ ಇಡಬಲ್ಲದು. ಸುಮಾರು ಹತ್ತು ದಿನಕ್ಕೆ ಮರಿ ಬರುತ್ತದೆ. ಮೊದಲು ತೊಗಟೆಯ ಅಡಿಯಲ್ಲೇ ತಿನ್ನುತ್ತದೆ, ಏಣು ಏಳುವುದು ಆಗ. ಬಲಿತ ಮೇಲೆ ಗಟ್ಟಿ ಮರಕ್ಕೆ ಇಳಿಯುತ್ತದೆ, ಕೆಲವು ಬೇರಿನವರೆಗೂ ಹೋಗುತ್ತವೆ. ಮರಿಯ ಅವಸ್ಥೆ ಒಂಬತ್ತು–ಹತ್ತು ತಿಂಗಳು. ಕೋಶಕ್ಕೆ (ಮರಿ ದುಂಬಿಯಾಗಿ ಬದಲಾಗುವ ಹಂತ) ಹೋಗುವ ಮುಂಚೆ ತೊಗಟೆಯ ಹತ್ತಿರದವರೆಗೆ ಹೊರದಾರಿ ಕೊರೆದಿಟ್ಟುಕೊಳ್ಳುತ್ತದೆ. ಏಕೆಂದರೆ ಮರ ಕೊರೆಯುವ ಶಕ್ತಿ ಇರುವುದು ಮರಿಗೆ. ಕೋಶದಲ್ಲಿ ಮೂರು–ನಾಲ್ಕು ವಾರ ಕಳೆದು ದುಂಬಿ ಹೊರಬರುತ್ತದೆ. ಒಟ್ಟು ಹೆಚ್ಚುಕಡಿಮೆ ಒಂದು ವರ್ಷ.

ಅಂದರೆ ಹುಳ ಹೊರಗೆ ಸಿಗುವುದು ಆ ಕೆಲವು ವಾರ ಮಾತ್ರ. ಎಲೆ ಹಳದಿಯಾದ ಮೇಲೆ ಕಾಂಡಕ್ಕೆ ಹೊಡೆದ ಔಷಧಿ ದಂಡ.

ಸೋಮವಾರಪೇಟೆಯಿಂದ: ಆದ್ದರಿಂದಲೇ ಟ್ರೇಸಿಂಗ್ ಅನ್ನು, ಅಂದರೆ ಹುಳ ಬಿದ್ದ ಗಿಡ ಹುಡುಕಿ ತೆಗೆಯುವ ಕೆಲಸವನ್ನು, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಹಾರಾಟ ಶುರುವಾಗುವ ಮುಂಚೆ ಮುಗಿಸುವುದು. ಜೂನ್‌ನಲ್ಲಿ ಗಿಡ ಕಿತ್ತರೆ ದುಂಬಿ ಆಗಲೇ ಹಾರಿ ಪಕ್ಕದ ಗಿಡದಲ್ಲಿ ಮೊಟ್ಟೆ ಇಟ್ಟಾಗಿರುತ್ತದೆ.

ಸಾಲು ಹಿಡಿದು ಪ್ರತಿ ಗಿಡ ನೋಡಿ, ಏಣು ಇರುವುದಕ್ಕೆ ಬಣ್ಣದ ಗುರುತು ಹಾಕಿ. ಕಾಂಡವನ್ನು ಬುಡದ ಹತ್ತಿರ ಕುಯ್ದು ಕುಯ್ದ ಮುಖ ನೋಡಿ. ತೂತು ಇದ್ದರೆ ಇನ್ನೂ ಕೆಳಗೆ ಕುಯ್ಯಿರಿ. ತೂತಿಲ್ಲದ ಮರ ಸಿಕ್ಕರೆ ಬುಡ ಉಳಿಸಿ ಚಿಗುರು ಬರಿಸಬಹುದು. ತೂತು ಬೇರಿಗೆ ಹೋಗಿದ್ದರೆ ಬುಡ ಸಮೇತ ಕೀಳಲೇಬೇಕು. ಇಲ್ಲಿ ಜನ ತಪ್ಪುವುದು ಒಂದೇ ಕಡೆ. ಕುಯ್ದ ಕಾಂಡವನ್ನು ಸೌದೆ ಎಂದು ಮನೆ ಹಿಂದೆ ಒಟ್ಟುತ್ತಾರೆ. ಒಳಗಿನ ಮರಿ ಸೌದೆಯಲ್ಲೇ ಬೆಳೆದು ದುಂಬಿಯಾಗಿ ತೋಟಕ್ಕೆ ವಾಪಸ್ ಬರುತ್ತದೆ. ತಕ್ಷಣ ಸುಡಿ. ಸೌದೆ ಬೇಕೇ ಬೇಕು ಅಂದರೆ ಒಂದು ವಾರ–ಹತ್ತು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಒಣಗಿಸಿ.

ಸಕಲೇಶಪುರದ ಬೆಳೆಗಾರರು: ಉಳಿದ ಒಳ್ಳೆ ಗಿಡಗಳಿಗೆ, ಹಾರಾಟಕ್ಕೆ ಮುಂಚೆ:

ತೊಗಟೆ ಉಜ್ಜುವುದು. ಮೊಟ್ಟೆಗೆ ಬಿರುಕೇ ಸಿಗದಂತೆ ಮಾಡುವ ಕೆಲಸ ಇದು. ತೆಂಗಿನ ನಾರಿನ ಕೈಗವಸಿನಿಂದ ಮುಖ್ಯ ಕಾಂಡದ, ದಪ್ಪ ರೆಂಬೆಗಳ ಸಡಿಲ ಹೊಪ್ಪಳಿಕೆ ಮಾತ್ರ ತೆಗೆಯಬೇಕು. ಕತ್ತಿಯ ಬೆನ್ನಿನಿಂದ ಕೆರೆದರೆ ಹಸಿ ತೊಗಟೆಗೆ ಪೆಟ್ಟಾಗುತ್ತದೆ.

ಸುಣ್ಣ. 200 ಲೀಟರ್ ಬ್ಯಾರಲ್‌ಗೆ 20 ಕೆ.ಜಿ. ಸ್ಪ್ರೇ ಸುಣ್ಣ, ಜೊತೆಗೆ ಅಂಟು. ಅಂಟಿಲ್ಲದಿದ್ದರೆ ಮಳೆಗೆ ತೊಳೆದುಹೋಗುತ್ತದೆ. ಸೋಸದೆ ಹಾಕಿದರೆ ನಾಜಲ್ ಕಟ್ಟುವುದು ಗ್ಯಾರಂಟಿ.

ಮೋಹಕ ಬಲೆ (ವಾಸನೆಯಿಂದ ದುಂಬಿಯನ್ನು ಸೆಳೆದು ಹಿಡಿಯುವುದು) ಎಕರೆಗೆ 10. ಆ ವಾಸನೆ ಗಂಡು ದುಂಬಿಯದ್ದು, ಅದಕ್ಕೆ ಬರುವುದು ಹೆಣ್ಣು. ಹಾರಾಟ ಶುರುವಾಗಿದೆಯೇ ಎಂದು ತಿಳಿಯಲೂ ಬಲೆ ಬೇಕು. ಆದರೆ ಬೋರರ್ ಗಿಡ ಹಾಗೇ ಬಿಟ್ಟು ಬಲೆ ಮಾತ್ರ ಕಟ್ಟಿದರೆ ಪ್ರಯೋಜನ ಕಡಿಮೆ.

ಕಾಂಡಕ್ಕೆ ಔಷಧಿ ಹೊಡೆಯುವುದಾದರೆ ಹಾರಾಟದ ಸಮಯದಲ್ಲೇ. ಯಾವುದಕ್ಕೆ ಈಗ ಅನುಮತಿ ಇದೆ ಎಂದು ಕಾಫಿ ಮಂಡಳಿಯವರನ್ನು ಅಥವಾ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದವರನ್ನು ಕೇಳಿ.

ಮೂಡಿಗೆರೆ ಕಡೆಯ ಬೆಳೆಗಾರರು: ನೆರಳಿನ ಮಾತು ಯಾರೂ ಎತ್ತಲಿಲ್ಲ. ಗುರುತು ಹಾಕಿದ ಗಿಡಗಳು ತೋಟದ ಯಾವ ಭಾಗದಲ್ಲಿವೆ ನೋಡಿ, ಬಹುತೇಕ ಬಿಸಿಲು ಬೀಳುವ ಕಡೆಯೇ ಇರುತ್ತವೆ. ಮರಗಸಿ (ನೆರಳಿನ ಮರದ ರೆಂಬೆ ಕಡಿಯುವುದು) ಮಾಡುವಾಗ ದಕ್ಷಿಣ, ಪಶ್ಚಿಮದ ರೆಂಬೆಗಳಿಗೆ ಕೈ ಹಾಕುವಾಗ ಹುಷಾರು. ನೆರಳಿನ ಮರ ಹಾಲುವಾಣ ಸತ್ತ ಜಾಗದಲ್ಲಿ ಈ ಮಳೆಗಾಲವೇ ಗೂಟ ನೆಡಿಸಿ, ಸಿಲ್ವರ್ ಓಕ್ ಮರ ಒಂದನ್ನೇ ನಂಬಬೇಡಿ.