ನನ್ನ ‘ಮಾರ್ದನಿಗ’ ಕುಲ ಉಳಿದವರ ಆಟವನ್ನೇ ನುಂಗುತ್ತಿದೆ, ಎಲ್ಲಿ ಎಡವಿದೆ?

ಗುಮ್ಮಟದ ಡಿಎಂ, ವಿಜಯಪುರ

ನಾನು ಮತ್ತು ನಾಲ್ವರು ಆಟಗಾರರು ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಪಡಸಾಲೆಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ: ಕಥೆ ನಡೆಸುವ ಡಿಎಂ (ಡಂಜನ್ ಮಾಸ್ಟರ್) ನಾನು, ಉಳಿದವರು ತಲಾ ಒಂದು ಪಾತ್ರವಾಗಿ ದಾಳ ಉರುಳಿಸುತ್ತಾರೆ. ಐದನೇ ಆವೃತ್ತಿ, 2014ರ ನಿಯಮ, ಎಲ್ಲರೂ 5ನೇ ಲೆವೆಲ್. ಎಲ್ಫ್, ಡ್ವಾರ್ಫ್ ಮುಂತಾದ ಸಿದ್ಧ ಕುಲಗಳನ್ನೆಲ್ಲ ಆಡಿ ಸಾಕಾಗಿತ್ತು. ಗೋಳಗುಮ್ಮಟದ ನೆರಳಿನಲ್ಲಿ ಬೆಳೆದವನು ನಮ್ಮದೇ ಒಂದು ಕುಲವನ್ನು ಏಕೆ ಕಟ್ಟಬಾರದು ಎಂದುಕೊಂಡು ‘ಮಾರ್ದನಿಗರು’ ಎಂಬವರನ್ನು ಮಾಡಿದೆ. ಗುಮ್ಮಟದ ಕಲ್ಲಿನಿಂದ ಹುಟ್ಟಿದವರು, ಕಣ್ಣಿಗಿಂತ ಕಿವಿಯನ್ನು ನಂಬುವವರು.

ಕೊಟ್ಟ ಗುಣಗಳು ಇವು. ಕಾನ್‌ಸ್ಟಿಟ್ಯೂಷನ್‌ಗೆ (ದೇಹದಾರ್ಢ್ಯ) +2, ಕರಿಸ್ಮಾಗೆ (ವರ್ಚಸ್ಸು) +1. ವೇಗ 30 ಅಡಿ. ಕಲ್ಲಿನಂಥ ಚರ್ಮ, ಹಾಗಾಗಿ ಕವಚವಿಲ್ಲದೆಯೇ ಎಸಿ (ಆರ್ಮರ್ ಕ್ಲಾಸ್, ಏಟು ತಾಗಲು ವೈರಿ ಮುಟ್ಟಬೇಕಾದ ಅಂಕ) 13, ಅದಕ್ಕೆ ಡೆಕ್ಸ್‌ಟೆರಿಟಿ (ಚುರುಕುತನ) ಕೂಡಿಸಬೇಕು. ಥಂಡರ್ ಡ್ಯಾಮೇಜ್ (ಸದ್ದಿನ ಪೆಟ್ಟು) ಅರ್ಧ ಮಾತ್ರ ತಾಗುತ್ತದೆ. ಸದ್ದಿನಿಂದಲೇ ನೋಡುವ ಶಕ್ತಿ, ಅಂದರೆ 30 ಅಡಿಯ ಬ್ಲೈಂಡ್‌ಸೈಟ್, ಸದಾ ಕಾಲ. ಕೊನೆಯದು ‘ಏಳು ಮಾರ್ದನಿ’: ಪ್ರತಿ ಕಾಳಗದಲ್ಲಿ ಒಮ್ಮೆ, ಈಗಷ್ಟೇ ಹಾಕಿದ ಮಂತ್ರವನ್ನು ಅದೇ ಸರದಿಯಲ್ಲಿ ಬೋನಸ್ ಆ್ಯಕ್ಷನ್ (ಮುಖ್ಯ ಕೆಲಸದ ಜೊತೆ ಮಾಡಬಹುದಾದ ಚಿಕ್ಕ ಕೆಲಸ) ಆಗಿ ಮತ್ತೆ ಹಾಕಬಹುದು, ಸ್ಲಾಟ್ (ಎಣಿಸಿ ಕೊಟ್ಟಿರುವ ಮಂತ್ರದ ಪಾಲು) ಖರ್ಚಾಗುವುದಿಲ್ಲ. ಇಷ್ಟೆಲ್ಲ ಕೊಟ್ಟೆನಲ್ಲ ಎಂದು ತೂಕಕ್ಕೆ ಒಂದು ಕೊರತೆಯನ್ನೂ ಇಟ್ಟಿದ್ದೇನೆ: ಸದ್ದೇ ಇಲ್ಲದಂತೆ ಮಾಡುವ ಸೈಲೆನ್ಸ್ ಮಂತ್ರದೊಳಗೆ ಸಿಕ್ಕಿಕೊಂಡರೆ ಪೂರ್ತಿ ಕುರುಡು.

ಮೂರು ವಾರ ಆಡಿದೆವು. ಮಾರ್ದನಿಗನನ್ನು ಆಡುವವನು ಕುಣಿಯುತ್ತಿದ್ದಾನೆ, ಉಳಿದ ಮೂವರು ಮೊಬೈಲ್ ನೋಡುತ್ತಿರುತ್ತಾರೆ. ಹೋದ ವಾರ ಕ್ಲೆರಿಕ್ (ಗಾಯ ಮಾಯಿಸುವ ಪುರೋಹಿತ) ಆಡುವ ನನ್ನ ತಂಗಿ ಕಾಳಗದ ನಡುವೆಯೇ ಚಹಾ ಮಾಡುತ್ತೇನೆಂದು ಎದ್ದು ಹೋದವಳು ಕಾಳಗ ಮುಗಿದರೂ ಬರಲಿಲ್ಲ. ಏಳು ಮಾರ್ದನಿ ಅತಿಯಾಯಿತೇನೋ ಎಂದು ಅದನ್ನು ಬಿಟ್ಟು ಒಂದು ದಿನ ಆಡಿಸಿದೆ. ಆಗಲೂ ಮುಖಗಳು ಹಾಗೆಯೇ ಇದ್ದವು. ಎಲ್ಲಿ ಕೈ ಹಾಕಲಿ?

ಬಾಗಲಕೋಟೆ ದಾಳ

ಸರ್, ಆ ಎಸಿಯನ್ನು ಮೊದಲು ಕಿತ್ತುಹಾಕಿ. ನಿಮ್ಮ ಊರಿನ ಬಿಸಿಲಿಗೆ ಎಸಿ ಬೇಕೇ ಬೇಕು, ಒಪ್ಪಿದೆ, ಆದರೆ ಹುಟ್ಟಿನಿಂದಲೇ 13 ಕೊಟ್ಟರೆ ಕವಚ ಕೊಳ್ಳುವವರು ಯಾರು?

ಕುಂದಾ ಕ್ರಿಟಿಕಲ್, ಬೆಳಗಾವಿ

ಎಸಿಯ ತಂಟೆಗೆ ಹೋಗಬೇಡಿ. ಲಿಜರ್ಡ್‌ಫೋಕ್ ಕುಲಕ್ಕೆ ಇದೇ ಲೆಕ್ಕ ಮೊದಲಿನಿಂದ ಇದೆ, ಯಾರ ಆಟವೂ ಕೆಟ್ಟಿಲ್ಲ. ಚೈನ್ ಮೇಲ್ ಕವಚ ತೊಟ್ಟು ಗುರಾಣಿ ಹಿಡಿದ ಫೈಟರ್‌ನ ಎಸಿ 18. ಅವನಿಗೆ ಈ ಚರ್ಮದಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಗುಮ್ಮಟದವರೇ, ಎರಡು ಪ್ರಶ್ನೆ. ಆ ಆಟಗಾರನ ಕ್ಲಾಸ್, ಅಂದರೆ ಪಾತ್ರದ ಕಸುಬು, ಯಾವುದು? ಕಾಳಗ ಶುರುವಾದ ಕೂಡಲೇ ಅವನು ಹಾಕುವ ಮೊದಲ ಮಂತ್ರ ಯಾವುದು?

ಗುಮ್ಮಟದ ಡಿಎಂ, ವಿಜಯಪುರ

ಸಾರ್ಸರರ್, ಮಂತ್ರವಾದಿ. ಮೊದಲ ಮಂತ್ರ ಪ್ರತಿ ಸಲವೂ ಫಾಗ್ ಕ್ಲೌಡ್. ನಂತರ ಫೈರ್ ಬೋಲ್ಟ್ ಎಸೆಯುತ್ತ ನಿಲ್ಲುತ್ತಾನೆ.

ಕುಂದಾ ಕ್ರಿಟಿಕಲ್, ಬೆಳಗಾವಿ

ಸಿಕ್ಕಿತು. ನಿಮ್ಮ ತಂಗಿ ಚಹಾಕ್ಕೆ ಎದ್ದು ಹೋದದ್ದು ಏಕೆಂದು ಈಗ ಹೇಳಬಲ್ಲೆ.

ಫಾಗ್ ಕ್ಲೌಡ್ ಮೊದಲನೇ ಲೆವೆಲ್‌ನ ಅಗ್ಗದ ಮಂತ್ರ. 20 ಅಡಿ ತ್ರಿಜ್ಯದ ಮಂಜು, ಕಾನ್ಸಂಟ್ರೇಷನ್ (ಹಾಕಿದವನ ಏಕಾಗ್ರತೆ) ಮುರಿಯದಿದ್ದರೆ ಒಂದು ಗಂಟೆ ನಿಲ್ಲುತ್ತದೆ. ಬೇರೆಯವರ ಕೈಯಲ್ಲಿ ಅದು ತಪ್ಪಿಸಿಕೊಳ್ಳುವ ಉಪಾಯ, ಏಕೆಂದರೆ ಒಳಗಿರುವ ಎಲ್ಲರೂ ಕುರುಡರು. ನಿಮ್ಮ ಮಾರ್ದನಿಗನೊಬ್ಬನಿಗೆ ಮಾತ್ರ ಮಂಜು ಗಾಜಿನ ಗೋಡೆ. ಅವನಿಗೆ ವೈರಿ ಕಾಣುತ್ತಾನೆ, ವೈರಿಗೆ ಅವನು ಕಾಣುವುದಿಲ್ಲ. ಅವನ ಪ್ರತಿ ಏಟಿಗೆ ಅಡ್ವಾಂಟೇಜ್ (ಎರಡು ಸಲ ಉರುಳಿಸಿ ದೊಡ್ಡದನ್ನು ಹಿಡಿಯುವುದು), ಅವನ ಮೇಲಿನ ಪ್ರತಿ ಏಟಿಗೆ ಡಿಸ್‌ಅಡ್ವಾಂಟೇಜ್ (ಚಿಕ್ಕದನ್ನು ಹಿಡಿಯುವುದು). ಇಪ್ಪತ್ತು ಮುಖದ ದಾಳದಲ್ಲಿ 11 ಅಥವಾ ಮೇಲೆ ಬೀಳಬೇಕಾದ ಕಡೆ ಸಾಧಾರಣವಾಗಿ ನೂರಕ್ಕೆ 50 ಸಲ ತಾಗುತ್ತದೆ. ಇವನದು 75 ಸಲ, ವೈರಿಯದು 25 ಸಲ.

ಇದು ಅರ್ಧ ಕಥೆ. ಅದೇ ಮಂಜಿನಲ್ಲಿ ಉಳಿದವರೂ ನಿಂತಿದ್ದಾರೆ. ಕ್ಲೆರಿಕ್‌ನ ಹೀಲಿಂಗ್ ವರ್ಡ್‌ಗೆ ಗಾಯಗೊಂಡವನು ಕಣ್ಣಿಗೆ ಕಾಣಲೇಬೇಕು. ಮಂಜಿನಲ್ಲಿ ಕಾಣುವುದಿಲ್ಲ, ಹಾಗಾಗಿ ನಿಮ್ಮ ತಂಗಿಗೆ ಆ ಮಂತ್ರವೇ ಇಲ್ಲ. ಫೈಟರ್‌ನನ್ನು ದಾಟಿ ವೈರಿ ಓಡಿದರೆ ಆಪರ್ಚುನಿಟಿ ಅಟ್ಯಾಕ್ (ಓಡುವವನಿಗೆ ಕೊಡುವ ಏಟು) ಮಾಡಲೂ ಓಡುವವನು ಕಾಣಬೇಕು, ಅದೂ ಹೋಯಿತು. ಒಬ್ಬನಿಗೆ ಕಣ್ಣು ಕೊಡುವ ಭರದಲ್ಲಿ ಉಳಿದವರಿಗೆಲ್ಲ ಪಟ್ಟಿ ಕಟ್ಟಿದ್ದೀರಿ. ಏಳು ಮಾರ್ದನಿ ತೆಗೆದರೂ ಮುಖಗಳು ಅರಳದಿದ್ದುದು ಇದಕ್ಕೇ.

ಹೊಸ ಗುಣವೊಂದನ್ನು ಬರೆದಾಗ ನಾನು ಕೇಳಿಕೊಳ್ಳುವುದು ಒಂದೇ: ಇದೇ ಸಾಮರ್ಥ್ಯಕ್ಕೆ ಆಟದಲ್ಲಿ ಬೇರೆ ಯಾರು ಏನು ಬೆಲೆ ತೆತ್ತಿದ್ದಾರೆ? 2014ರ ನಿಯಮದಲ್ಲಿ ರೋಗ್ ಎಂಬ ಕಳ್ಳನ ಕ್ಲಾಸ್‌ಗೆ ಬ್ಲೈಂಡ್‌ಸೆನ್ಸ್ (ಕಾಣದವರ ಸುಳಿವು ಹಿಡಿಯುವ ಶಕ್ತಿ) ಸಿಗುವುದು 14ನೇ ಲೆವೆಲ್‌ನಲ್ಲಿ, ಅದೂ 10 ಅಡಿ, ಅದೂ ಕಿವಿ ಕೇಳುತ್ತಿದ್ದರೆ. ಫೈಟರ್ ತನ್ನ ಫೈಟಿಂಗ್ ಸ್ಟೈಲನ್ನೇ ಅದಕ್ಕೆ ಒತ್ತೆಯಿಟ್ಟರೆ 10 ಅಡಿಯ ಬ್ಲೈಂಡ್‌ಸೈಟ್. ನೀವು 30 ಅಡಿಯನ್ನು ತೊಟ್ಟಿಲಲ್ಲೇ ಕೊಟ್ಟಿದ್ದೀರಿ.

ಏಳು ಮಾರ್ದನಿಯೂ ತಪ್ಪೇ. ಡ್ರ್ಯಾಗನ್‌ಬಾರ್ನ್ ಕುಲದವರು ಬೆಂಕಿ ಉಗುಳುವುದು 5ನೇ ಲೆವೆಲ್‌ನಲ್ಲಿ 2ಡಿ6 (ಆರು ಮುಖದ ಎರಡು ದಾಳ), ಸರಾಸರಿ 7, ವಿಶ್ರಾಂತಿಗೊಮ್ಮೆ. ನಿಮ್ಮವನು ಒಂದು ಫೈರ್‌ಬಾಲನ್ನು ಪುಕ್ಕಟೆ ಎಸೆದರೆ 8ಡಿ6, ಸರಾಸರಿ 28, ಕಾಳಗಕ್ಕೊಮ್ಮೆ. ಜೊತೆಗೆ, ಬೋನಸ್ ಆ್ಯಕ್ಷನ್‌ನಲ್ಲಿ ಮಂತ್ರ ಹಾಕಿದವನು ಆ ಸರದಿಯಲ್ಲಿ ಇನ್ನೊಂದು ಹಾಕುವುದಿದ್ದರೆ ಅದು ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಸಣ್ಣ ಮಂತ್ರ) ಮಾತ್ರ ಎಂಬ ನಿಯಮವಿದೆ. ಆಟ ಹಾಕಿದ ಬಾಗಿಲಿನ ಪಕ್ಕದಲ್ಲೇ ನೀವು ಕನ್ನ ಕೊರೆದಿದ್ದೀರಿ.

ಬಾಗಲಕೋಟೆ ದಾಳ

ಆದರೆ ಅಕ್ಕ, ಸೈಲೆನ್ಸ್‌ನಲ್ಲಿ ಕುರುಡಾಗುವ ಕೊರತೆ ಇದೆಯಲ್ಲ? ಅದನ್ನೇ ಇನ್ನಷ್ಟು ಬಿಗಿ ಮಾಡಿದರೆ ತೂಕ ಸರಿಹೋಗುವುದಿಲ್ಲವೇ?

ಕುಂದಾ ಕ್ರಿಟಿಕಲ್, ಬೆಳಗಾವಿ

ಹೋಗುವುದಿಲ್ಲ. ಡ್ರೌ ಕುಲಕ್ಕೆ ಬಿಸಿಲಾಗದು, ಆದರೆ ಕಥೆಯೆಲ್ಲ ನೆಲಮಾಳಿಗೆಯಲ್ಲಿ ನಡೆದರೆ ಆ ಕೊರತೆ ಹಾಳೆಯ ಮೇಲಿನ ಅಕ್ಷರ ಅಷ್ಟೇ. ಸೈಲೆನ್ಸ್ ಕೂಡ ಹಾಗೆ. ಡಿಎಂ ಅದನ್ನು ಮರೆತರೆ ಕೊರತೆಯೇ ಇಲ್ಲ. ನೆನಪಿಟ್ಟು ಪ್ರತಿ ವಾರ ಸೈಲೆನ್ಸ್ ಬಲ್ಲ ವೈರಿಯನ್ನೇ ತಂದರೆ ಆ ಹುಡುಗನ ಮೇಲೆ ಹಗೆ ಸಾಧಿಸಿದಂತಾಗುತ್ತದೆ. ಬೆಲೆ ತೆರುವುದಿದ್ದರೆ ಶಕ್ತಿಯನ್ನು ಬಳಸುವ ಆ ಕ್ಷಣದಲ್ಲೇ ತೆರುವಂತಿರಬೇಕು.

ಗುಮ್ಮಟದವರೇ, ಇನ್ನೊಂದು ಮಾತು. ನಿಮ್ಮ ಊರಿನವಳಲ್ಲ, ಆದರೂ ಹೇಳುತ್ತೇನೆ. ಮೂಲೆಯ ಗೋಪುರದ ಏಳು ಅಂತಸ್ತು ಹತ್ತಿ ಗುಮ್ಮಟದೊಳಗಿನ ಗ್ಯಾಲರಿಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಪ್ರವಾಸಕ್ಕೆ ಬಂದ ಶಾಲಾಮಕ್ಕಳ ಕೂಗಾಟದಲ್ಲಿ ತಲೆ ಸಿಡಿಯಿತು. ಎರಡನೇ ಸಲ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದೆವು. ನನ್ನ ಅತ್ತಿಗೆ ಎದುರು ಬದಿಯಲ್ಲಿ, ಸುಮಾರು 38 ಮೀಟರ್ ಆಚೆ, ಗೋಡೆಗೆ ಮುಖ ಮಾಡಿ ‘ಕಾಲು ನೋಯುತ್ತಿದೆ’ ಎಂದು ಪಿಸುಗುಟ್ಟಿದ್ದು ನನ್ನ ಕಿವಿಯ ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳಿಸಿತು. ಕೂಗನ್ನು ಮರಳಿಸುವ ಗುಡ್ಡಗಳು ನಾಡಿನಲ್ಲಿ ಎಷ್ಟೋ ಇವೆ. ಪಿಸುಮಾತನ್ನು ಒಯ್ಯುವುದು ನಿಮ್ಮ ಗುಮ್ಮಟದ ಹೆಚ್ಚುಗಾರಿಕೆ. ನೀವು ಕುಲವನ್ನು ಕಟ್ಟಿದ್ದು ಕೂಗಿನ ಮೇಲೆ.

ಹೀಗೆ ಮಾಡಿ ನೋಡಿ. ಏಳು ಮಾರ್ದನಿಯ ಜಾಗಕ್ಕೆ ‘ಪಿಸುಮಾತು’: ಮೆಸೇಜ್ ಕ್ಯಾಂಟ್ರಿಪ್, 120 ಅಡಿ, ಬೇಕೆಂದಾಗಲೆಲ್ಲ. ಹೈ ಎಲ್ಫ್‌ಗಳಿಗೂ ಒಂದು ಕ್ಯಾಂಟ್ರಿಪ್ ಹುಟ್ಟಿನಿಂದ ಸಿಗುತ್ತದೆ, ಆದ್ದರಿಂದ ಬೆಲೆ ಹೊಂದುತ್ತದೆ. ಬ್ಲೈಂಡ್‌ಸೈಟ್ ಜಾಗಕ್ಕೆ ‘ಚಪ್ಪಾಳೆ’: ಬೋನಸ್ ಆ್ಯಕ್ಷನ್‌ನಲ್ಲಿ ಚಪ್ಪಾಳೆ ತಟ್ಟಿದರೆ ಆ ಸರದಿ ಮುಗಿಯುವ ತನಕ 10 ಅಡಿಯ ಬ್ಲೈಂಡ್‌ಸೈಟ್. ಲೆವೆಲ್ ಜೊತೆ ಏರುವ ಪ್ರೊಫಿಷಿಯೆನ್ಸಿ ಬೋನಸ್ ಎಷ್ಟೋ ಅಷ್ಟು ಸಲ, ಅಂದರೆ ನಿಮ್ಮವರಿಗೆ ದಿನಕ್ಕೆ 3. ಆ ಚಪ್ಪಾಳೆ 60 ಅಡಿಯೊಳಗಿನ ಎಲ್ಲರಿಗೂ ಕೇಳಿಸುತ್ತದೆ. ಚರ್ಮ, ಥಂಡರ್ ಎರಡೂ ಇರಲಿ. ಸೈಲೆನ್ಸ್‌ನ ಕೊರತೆಯನ್ನು ಅಳಿಸಿಬಿಡಿ.

ಮುಂದಿನ ಭಾನುವಾರಕ್ಕೆ ಮೊದಲು ಹೋದ ವಾರದ ಕಾಳಗವನ್ನೇ ಒಬ್ಬರೇ ಕುಳಿತು ಎರಡು ಸಲ ಆಡಿ: ಒಮ್ಮೆ ಹೊಸ ಮಾರ್ದನಿಗನೊಂದಿಗೆ, ಒಮ್ಮೆ ಅದೇ ಸಾರ್ಸರರ್‌ನ ಹಾಳೆಯಲ್ಲಿ ಕುಲವನ್ನು ಬರಿಯ ಮನುಷ್ಯ ಎಂದು ಬದಲಿಸಿ. ಎರಡರಲ್ಲೂ ತಂಗಿಗೆ ಕೆಲಸ ಸಿಕ್ಕರೆ ಗೆದ್ದಿರಿ.

ಗುಮ್ಮಟದ ಡಿಎಂ, ವಿಜಯಪುರ

ಅಕ್ಕ, ಮೂವತ್ತು ವರ್ಷ ಇಲ್ಲೇ ಇದ್ದು ಗ್ಯಾಲರಿಯಲ್ಲಿ ಕೂಗಿಯೇ ಬಂದವನು ನಾನು. ಬದಲಿಸುತ್ತೇನೆ. ಒಂದು ಚಿಲ್ಲರೆ ಪ್ರಶ್ನೆ: ಹಾಳೆಯ ಮೇಲೆ ‘ಕುಲ’ ಎಂದು ಬರೆದರೆ ಸರಿಯೇ? ಮೊದಲು ‘ಜಾತಿ’ ಎಂದು ಬರೆದಿದ್ದೆ, ಫೈಟರ್ ಆಡುವವನು ನಕ್ಕ.

ಕುಂದಾ ಕ್ರಿಟಿಕಲ್, ಬೆಳಗಾವಿ

ಬಸವಣ್ಣನವರು ಹುಟ್ಟಿದ ಜಿಲ್ಲೆಯಲ್ಲಿ ಕುಳಿತು ‘ಜಾತಿ’ಗೆ +2 ಕೊಟ್ಟರೆ ನಗದೆ ಏನು ಮಾಡುತ್ತಾನೆ? ಕುಲ ಎಂದರೂ ಕುಟುಕು ಪೂರ್ತಿ ಹೋಗುವುದಿಲ್ಲ. ಮೂಲ ಆಟವನ್ನು ಮಾಡಿದವರೂ 2024ರ ನಿಯಮದಲ್ಲಿ ‘ರೇಸ್’ ಬಿಟ್ಟು ‘ಸ್ಪೀಷೀಸ್’ ಎಂದರು, +2, +1ನ್ನು ಬ್ಯಾಕ್‌ಗ್ರೌಂಡ್‌ಗೆ ಸಾಗಿಸಿದರು. ನಾನು ‘ಪೀಳಿಗೆ’ ಎಂದು ಬರೆಯುತ್ತೇನೆ. ಅಂಕಗಳನ್ನು ಆಟಗಾರರೇ ಬೇಕಾದಲ್ಲಿ ಇಟ್ಟುಕೊಳ್ಳಲಿ.

ಗುಮ್ಮಟದ ಡಿಎಂ, ವಿಜಯಪುರ

ಆಡಿ ಬಂದೆ. ನೆಲಮಾಳಿಗೆಯಲ್ಲಿ ದೀಪ ಆರಿತ್ತು. ಮಾರ್ದನಿಗ ಚಪ್ಪಾಳೆ ತಟ್ಟಿದ. ಹತ್ತಡಿಯೊಳಗೆ ಎರಡು ಘೌಲ್ ಪಿಶಾಚಿಗಳಿವೆ ಎಂದು ಅವನಿಗೆ ಗೊತ್ತಾಯಿತು. ಅವನಿದ್ದಾನೆಂದು ಆಚೆ ಕೋಣೆಯ ಇನ್ನೂ ನಾಲ್ಕಕ್ಕೆ ಗೊತ್ತಾಯಿತು. ತಂಗಿ ಎರಡು ಸಲ ಹೀಲಿಂಗ್ ವರ್ಡ್ ಹಾಕಿ ಅವನನ್ನು ಎಬ್ಬಿಸಿದಳು, ಪ್ರತಿ ಸಲವೂ ಬೈದು ಎಬ್ಬಿಸಿದಳು. ಚಹಾ ನಾನೇ ಮಾಡಬೇಕಾಯಿತು.

ಒಂದು ತಕರಾರು ಮಾತ್ರ ಉಳಿದಿದೆ. ಗೋಡೆಯಾಚೆ ಇರುವ ರೋಗ್‌ಗೆ ಪಿಸುಮಾತು ಮುಟ್ಟುತ್ತದೆಯೇ ಎಂದು ಅರ್ಧ ಗಂಟೆ ಜಗಳವಾಯಿತು.

ಬಾಗಲಕೋಟೆ ದಾಳ

ಇದು ನನಗೆ ಗೊತ್ತು! ಪರಿಚಿತನೊಬ್ಬ ಆಚೆ ಇದ್ದಾನೆಂದು ತಿಳಿದಿದ್ದರೆ ಗೋಡೆ ದಾಟಿಯೂ ಮುಟ್ಟುತ್ತದೆ. ಆದರೆ ಒಂದು ಅಡಿ ದಪ್ಪದ ಕಲ್ಲು ಅಡ್ಡವಿದ್ದರೆ ನಿಂತುಹೋಗುತ್ತದೆ. ನಿಮ್ಮ ಗುಮ್ಮಟದ ಗೋಡೆಯೇ ಸುಮಾರು 3 ಮೀಟರ್ ದಪ್ಪ ಸರ್, ಹೊರಗೆ ನಿಂತವನು ಒಳಗೆ ಬರಲೇಬೇಕು.