ರೆಕ್ಕೆಯ ‘ಆಕಾರ’ವೋ, ‘ರೂಪ’ವೋ?

ಗೆಳೆಯರೇ, ನಮಸ್ಕಾರ.

ಕುರಿಗಳ ನೀಲಿ ನಾಲಿಗೆ ರೋಗದ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. ರೋಗ ಹರಡುವ ಕೀಟದ ರೆಕ್ಕೆಯ ಬಗ್ಗೆ ಹೇಳುವಾಗ ಬಳಸಬೇಕಾದ ಒಂದು ಪದದ ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಈ ರೋಗ ಹರಡುವುದು ಕ್ಯುಲಿಕಾಯ್ಡಿಸ್ ಎಂಬ ಕಚ್ಚುವ ಕೀಟ. ಉದ್ದ ಒಂದರಿಂದ ಮೂರು ಮಿಲಿಮೀಟರ್ ಅಷ್ಟೇ. ನಾನು ಇದನ್ನು ನೊರಜು ಎಂದು ಕರೆದಿದ್ದೇನೆ. ನುಸಿ ಅನ್ನಬಹುದಿತ್ತು. ಆದರೆ ತೆಂಗಿಗೆ ನುಸಿ ರೋಗ ಬಂದ ಮೇಲೆ ರೈತರಿಗೆ ನುಸಿ ಅಂದರೆ ರೆಕ್ಕೆಯೇ ಇಲ್ಲದ ಬೇರೊಂದು ಜೀವಿ. ರೆಕ್ಕೆಯ ಬಗ್ಗೆಯೇ ಬರೆಯುವಾಗ ಆ ಹೆಸರು ಬೇಡ ಅನ್ನಿಸಿತು.

2006ರಲ್ಲಿ ಈ ರೋಗ ನೆದರ್ಲೆಂಡ್ಸ್, ಬೆಲ್ಜಿಯಂ, ಜರ್ಮನಿಗಳಲ್ಲಿ ಕಾಣಿಸಿಕೊಂಡಿತು. ಆಫ್ರಿಕಾದಲ್ಲಿ, ದಕ್ಷಿಣ ಯುರೋಪಿನಲ್ಲಿ ರೋಗ ಹರಡುವ ಇಮಿಕೋಲ ಎಂಬ ಪ್ರಭೇದ ಅಲ್ಲಿರಲಿಲ್ಲ. ಅಲ್ಲಿನ ನೊರಜುಗಳೇ ಹರಡಿದವು. ಅವುಗಳಲ್ಲಿ ಅಬ್ಸೊಲೀಟಸ್ ಮತ್ತು ಸ್ಕಾಟಿಕಸ್ ಎಂಬ ಎರಡರ ಹೆಣ್ಣುಗಳನ್ನು ಸುಮ್ನೆ ನೋಡಿ ಬೇರೆ ಮಾಡುವುದು ಬಹಳ ಕಷ್ಟ. ಗಂಡಾದರೆ ಜನನಾಂಗ ನೋಡಿ ಹೇಳಬಹುದು. ಆದರೆ ರಕ್ತ ಹೀರುವುದು ಹೆಣ್ಣು, ಬೆಳಕಿನ ಬಲೆಗೆ ಜಾಸ್ತಿ ಬೀಳುವುದೂ ಹೆಣ್ಣೇ. ಬೇರೆ ಎಷ್ಟೋ ನೊರಜುಗಳ ರೆಕ್ಕೆಯ ಮೇಲೆ ಮಚ್ಚೆಗಳು ಎದ್ದು ಕಾಣುತ್ತವೆ. ಇವುಗಳಲ್ಲಿ ಮಚ್ಚೆಯೂ ಮಸುಕು.

ಹಾಗಾಗಿ ರೆಕ್ಕೆ ಬಿಡಿಸಿ, ಗಾಜಿನ ಸ್ಲೈಡಿನ ಮೇಲೆ ಕೂರಿಸಿ, ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆಯುತ್ತಾರೆ. ನರಗಳು ಕೂಡುವ ಜಾಗ, ಅಂಚು ಮುಟ್ಟುವ ಜಾಗಕ್ಕೆಲ್ಲ ಒಂದೊಂದು ಚುಕ್ಕೆ ಇಡುತ್ತಾರೆ. (ಎಲೆಯ ನರ ಅನ್ನುತ್ತೇವಲ್ಲ, ಅದೇ ಪದ ಇಲ್ಲಿಗೂ ಸಾಕು.) ಆಮೇಲೆ ಕಂಪ್ಯೂಟರು ಎಲ್ಲ ರೆಕ್ಕೆಗಳ ಚುಕ್ಕೆಗಳನ್ನೂ ಒಂದೇ ಕಡೆ ತಂದು, ತಿರುಗಿಸಿ, ಹಿಗ್ಗಿಸಿ, ಕುಗ್ಗಿಸಿ, ಒಂದೇ ಅಳತೆಗೆ ಹೊಂದಿಸುತ್ತದೆ. ಇಷ್ಟಾದ ಮೇಲೂ ಚುಕ್ಕೆಗಳು ಒಂದರ ಮೇಲೊಂದು ಕೂರದಿದ್ದರೆ, ಆ ಉಳಿದ ವ್ಯತ್ಯಾಸವನ್ನೇ ಲೆಕ್ಕ ಹಾಕುವುದು. ಗಾತ್ರವನ್ನು ನಂಬುವ ಹಾಗಿಲ್ಲ. ಮರಿಹುಳ ಚಳಿಯಲ್ಲಿ ಬೆಳೆದರೆ ಅದೇ ಪ್ರಭೇದದ ನೊರಜು ದೊಡ್ಡದಾಗುತ್ತದೆ.

ಗಾತ್ರ ತೆಗೆದ ಮೇಲೆ ಉಳಿಯುವ ಇದಕ್ಕೆ ಏನನ್ನೋಣ? ಮೊದಲು ‘ಆಕಾರ’ ಎಂದು ಬರೆದೆ. ಆದರೆ ‘ಭಾರೀ ಆಕಾರದ ಆನೆ’ ಅನ್ನುತ್ತೇವೆ, ಅಲ್ವಾ? ಅಲ್ಲಿ ಆಕಾರ ಅಂದರೆ ಗಾತ್ರವೇ. ಇಲ್ಲಿ ಬೇರೆ ಮಾಡಬೇಕಾದ ಎರಡೂ ಆ ಒಂದೇ ಪದದಲ್ಲಿ ಸೇರಿಹೋಗುತ್ತವೆ.

ನನ್ನ ಒಲವು ‘ರೂಪ’ದ ಕಡೆಗೆ. ಶಾಲೆಯಲ್ಲಿ ಸಮರೂಪ ತ್ರಿಭುಜ ಎಂದು ಕಲಿತಿದ್ದೇವೆ. ಕೋನಗಳು ಒಂದೇ, ಬಾಹುಗಳು ಒಂದೇ ಪ್ರಮಾಣದಲ್ಲಿ ಉದ್ದವೋ ಗಿಡ್ಡವೋ ಇದ್ದರೆ ಸಮರೂಪ. ಗಾತ್ರವೂ ಒಂದೇ ಆದರೆ ಸರ್ವಸಮ. ಕಂಪ್ಯೂಟರು ಹಿಗ್ಗಿಸಿ ಕುಗ್ಗಿಸಿ ಮಾಡುವುದೂ ಇದೇ ಪರೀಕ್ಷೆ. ‘ಗಾತ್ರ ಬೇರೆ, ರೂಪ ಒಂದೇ’ ಎಂದು ಬರೆದರೆ ಹತ್ತನೇ ತರಗತಿ ಓದಿದವರಿಗೂ ಅರ್ಥವಾಗುತ್ತದೆ.

ಒಂದು ತೊಡಕಿದೆ. ಆಡುಮಾತಿನ ರೂಪದಲ್ಲಿ ಬಣ್ಣ, ಚೆಲುವು ಎಲ್ಲವೂ ಬರುತ್ತವೆ. ರೆಕ್ಕೆಯ ರೂಪ ಅಂದರೆ ಓದುಗರು ಮಚ್ಚೆಗಳನ್ನೂ ಸೇರಿಸಿಕೊಂಡಾರು. ಮಚ್ಚೆ ನೋಡಿ ಗುರುತಿಸುವುದು ಬೇರೆಯೇ ವಿಧಾನ. ‘ಆಕೃತಿ’ಯಲ್ಲಿ ಈ ತೊಂದರೆ ಇಲ್ಲ. ಆದರೆ ಅದು ಗೆರೆ ಎಳೆದ ಇಡೀ ಚಿತ್ರವನ್ನೇ ಹೇಳುತ್ತದೆ ಅನ್ನಿಸುತ್ತದೆ.

ನಿಮ್ಮ ಕಡೆ ಮರಗೆಲಸದವರು, ದರ್ಜಿಗಳು, ಅಕ್ಕಸಾಲಿಗರು ‘ಅಳತೆ ಬೇರೆ, ಆದರೆ ಅದೇ ಥರದ್ದು’ ಅನ್ನುವುದಕ್ಕೆ ಯಾವ ಪದ ಬಳಸುತ್ತಾರೆ? ‘ರೂಪ’ ಒಪ್ಪದವರು ಕಾರಣವನ್ನೂ ಬರೆಯಿರಿ.