ಸಹಾಯ ಬೇಕು: ಪ್ರಾರ್ಥನೆಗೆ ಕೂತರೆ ಮಾತೇ ಹೊರಡುತ್ತಿಲ್ಲ

ಎಲ್ಲರಿಗೂ ವಂದನೆಗಳು. ಅಪ್ಪ ಹಾಸಿಗೆ ಹಿಡಿದಿದ್ದಾರೆ. ಅದೇ ಹೊತ್ತಿಗೆ ನನ್ನ ಕೆಲಸವೂ ಹೋಯಿತು. ಚಿಕಿತ್ಸೆ ನಡೆಯುತ್ತಿದೆ, ಅದನ್ನು ನಿಲ್ಲಿಸುವ ಮಾತೇ ಇಲ್ಲ. ಸಾಲದ ಕಥೆ ಇಲ್ಲಿ ಬೇಡ ಬಿಡಿ.

ನನ್ನ ತೊಂದರೆ ಬೇರೆ. ಮೊಣಕಾಲೂರಿದರೆ "ದೇವರೇ" ಅನ್ನುವುದರ ಆಚೆಗೆ ಮಾತು ಬರುವುದಿಲ್ಲ. ಸುಮ್ನೆ ಕೂತಿರುತ್ತೇನೆ. ಇದೂ ಪ್ರಾರ್ಥನೆಯೇ ಅಲ್ವಾ?

ಬೈಬಲಿನ 2 ಪೂರ್ವಕಾಲವೃತ್ತಾಂತ 20ನೇ ಅಧ್ಯಾಯದಲ್ಲಿ ಅರಸ ಯೆಹೋಷಾಫಾಟ ದೊಡ್ಡ ಸೈನ್ಯ ಎದುರಿಗೆ ಬಂದಾಗ ಏನು ಮಾಡಬೇಕೋ ತಿಳಿಯದು, ನಿನ್ನನ್ನೇ ನೋಡುತ್ತಿದ್ದೇವೆ ಎಂದು ದೇವರ ಮುಂದೆ ಒಪ್ಪಿಕೊಳ್ಳುತ್ತಾನೆ. ಅದು ನನಗೆ ಹಿಡಿಸಿತು. ರಾಜನಾದವನೇ ಹಾಗೆ ಹೇಳಬಹುದಾದರೆ ನಾನೂ ಹೇಳಬಹುದು. ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ 13ನೇ ಕೀರ್ತನೆ "ಎಷ್ಟರವರೆಗೆ" ಎಂಬ ದೂರಿನಿಂದ ಶುರುವಾಗಿ ಕೊನೆಗೆ ಹಾಡಿಗೆ ತಿರುಗುತ್ತದೆ. 88ನೆಯದು ಮಾತ್ರ ಕತ್ತಲೆಯಲ್ಲೇ ಮುಗಿಯುತ್ತದೆ. ನಿಜ ಹೇಳಬೇಕೆಂದರೆ ಈಗ ನನಗೆ ಅದೇ ಜಾಸ್ತಿ ಹತ್ತಿರ. ಆದರೆ ಅಪ್ಪನ ಪಕ್ಕದಲ್ಲಿ ಕೂತು ಅದನ್ನು ಗಟ್ಟಿಯಾಗಿ ಓದಲು ಧೈರ್ಯ ಬರುವುದಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ನೋವಿನಲ್ಲಿರುವವರ ಪಕ್ಕದಲ್ಲಿ ಓದಲು ಚಿಕ್ಕ ಕೀರ್ತನೆಗಳು ಯಾವುವು? ಅಪ್ಪ ಬೇಗ ಸುಸ್ತಾಗುತ್ತಾರೆ, ಉದ್ದದ್ದು ಬೇಡ. ಮಾತು ಬತ್ತಿದಾಗ ನೀವು ಹೇಗೆ ಪ್ರಾರ್ಥಿಸಿದಿರಿ? ಬರೆದಿಟ್ಟುಕೊಂಡು ಓದುವವರು ಯಾರಾದರೂ ಇದ್ದೀರಾ?

"ನಂಬಿಕೆ ಕಡಿಮೆ ಆಗಿದೆ" ಎಂಬ ಉತ್ತರ ಮಾತ್ರ ದಯವಿಟ್ಟು ಬೇಡ, ಅದನ್ನು ಮನೆಗೆ ಬಂದವರೆಲ್ಲ ಹೇಳಿಹೋಗಿದ್ದಾರೆ. ಶಿಲುಬೆಗೆ ಹೋಗುವ ಮುಂಚೆ ಗೆತ್ಸೇಮನೆ ತೋಟದಲ್ಲಿ ಯೇಸುವೇ ಈ ಪಾತ್ರೆ, ಅಂದರೆ ಮುಂದಿದ್ದ ಸಂಕಟ, ನನ್ನಿಂದ ದೂರವಾಗಲಿ ಎಂದು ಬೇಡಿಕೊಂಡರಲ್ಲ.

ಅಪ್ಪನಿಗಾಗಿ ನೀವೂ ಪ್ರಾರ್ಥಿಸಿ. ಸಂಜೆ ಹೊತ್ತು ಫೋನಿನಲ್ಲಿ ಜೊತೆಗೂಡಿ ಪ್ರಾರ್ಥಿಸಲು ಯಾರಿಗಾದರೂ ಬಿಡುವಿದ್ದರೆ ಮೆಸೇಜ್ ಮಾಡಿ.